ದಿನಕರ ದೇಸಾಯಿ

ದಿನಕರ ದತ್ತಾತ್ರೇಯ ದೇಸಾಯಿ (10 ಸೆಪ್ಟೆಂಬರ್ 1909 – 6 ನವೆಂಬರ್ 1982) ಕನ್ನಡದ ಕವಿ, ಉತ್ತರ ಕನ್ನಡ ಜಿಲ್ಲೆಯ ರೈತ ಚಳವಳಿಯ ನಾಯಕ, ಕಾರ್ಮಿಕ ಸಂಘಟಕ, ಪತ್ರಕರ್ತ ಹಾಗೂ ಶಿಕ್ಷಣ ಪ್ರಸಾರಕ. ನಾಲ್ಕನೆಯ ಲೋಕಸಭೆಯಲ್ಲಿ ಕೆನರಾ ಕ್ಷೇತ್ರವನ್ನು ಪ್ರತಿನಿಧಿಸಿದ್ದರು. ನಾಲ್ಕು ಸಾಲಿನ ಚುಟುಕು ಪ್ರಕಾರವನ್ನು ಜನಪ್ರಿಯಗೊಳಿಸಿದ ಅವರು ಚುಟುಕು ಬ್ರಹ್ಮರೆಂದೇ ಪ್ರಸಿದ್ಧರು. ಗೇಣಿದಾರ ರೈತರು ತಾವು ಬೆಳೆದ ಅನ್ನದಲ್ಲಿ ನ್ಯಾಯವಾದ ಪಾಲು ಪಡೆಯಬೇಕೆಂದು ಹೋರಾಡಿ, ಬಳಿಕ ಅದೇ ರೈತರ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿದ್ದು ಅವರ ಸಾರ್ವಜನಿಕ ಜೀವನದ ಮುಖ್ಯ ಸಾಧನೆ. ಅನ್ನ ಎಲ್ಲಿಂದ ಬರುತ್ತದೆ, ಅದನ್ನು ಬೆಳೆದವರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಅವರ ಹೋರಾಟ, ಶಿಕ್ಷಣಕಾರ್ಯ ಮತ್ತು ಕಾವ್ಯ ಮೂರರಲ್ಲೂ ಕಾಣಿಸುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ದಿನಕರ ದೇಸಾಯಿಯವರು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಅಲಗೇರಿಯವರು. ತಂದೆ ದತ್ತಾತ್ರೇಯ ದೇಸಾಯಿ ಶಾಲಾ ಶಿಕ್ಷಕರು, ತಾಯಿ ಅಂಬಿಕಾ. ಆರಂಭದ ಶಿಕ್ಷಣ ಹುಟ್ಟೂರಿನ ಪರಿಸರದಲ್ಲಿ ನಡೆಯಿತು. ಅನಂತರ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಓದು ಮುಂದುವರಿಸಿದರು. ಮುಂಬಯಿಯಲ್ಲಿ ಸ್ನಾತಕೋತ್ತರ ಪದವಿಯನ್ನೂ ಕಾನೂನು ಪದವಿಯನ್ನೂ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಕವಿತೆ ಬರೆಯಲು ಆರಂಭಿಸಿದ್ದರು. ವಕೀಲಿ ವೃತ್ತಿಯಲ್ಲಿ ನೆಲೆಗೊಳ್ಳುವ ಅರ್ಹತೆಯಿದ್ದರೂ ಅವರು ಆರಿಸಿಕೊಂಡದ್ದು ಸಾರ್ವಜನಿಕ ಸೇವೆಯನ್ನು.

ಅವರ ಬಾಲ್ಯ ಮತ್ತು ತಾರುಣ್ಯದ ಕಾಲದಲ್ಲಿ ಅಂಕೋಲಾ ಸ್ವಾತಂತ್ರ್ಯ ಚಳವಳಿಯ ಪ್ರಮುಖ ಕೇಂದ್ರಗಳಲ್ಲಿ ಒಂದಾಗಿತ್ತು. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಅಲ್ಲಿಯೇ ನಡೆಯಿತು. ಆ ಬಳಿಕ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆಯಲ್ಲಿ ತೊಡಗಿದರು. ಭೂಕಂದಾಯ ಕೊಡದ ಅನೇಕ ಕುಟುಂಬಗಳ ಜಮೀನು, ಜಾನುವಾರುಗಳನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು.

ಜಿಲ್ಲೆಯ ಬೇಸಾಯದ ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕರಾವಳಿಯ ಅಂಕೋಲಾ, ಕುಮಟಾ, ಹೊನ್ನಾವರ ಭಾಗಗಳಲ್ಲಿ ಭತ್ತವೇ ಮುಖ್ಯ ಬೆಳೆ. ನದಿಗಳು ಸಮುದ್ರ ಸೇರುವ ತಗ್ಗು ಪ್ರದೇಶಗಳಲ್ಲಿ ಗಜನಿ ಬೇಸಾಯ ರೂಢಿಯಲ್ಲಿದೆ. ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕೊಯ್ಲಿನ ನಂತರ ಅದೇ ಗದ್ದೆಗೆ ಹಿನ್ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಅನ್ನ ಮತ್ತು ಮೀನು ಎರಡೂ ಒಂದೇ ನೆಲದಿಂದ ಬರುವ ಈ ಪದ್ಧತಿಯಲ್ಲಿ ಒಡ್ಡು ಒಡೆದರೆ ವರ್ಷದ ಬೆಳೆ ಹೋದಂತೆಯೇ. ಆದ್ದರಿಂದ ಒಡ್ಡನ್ನು ಕಾಯುವುದು ಊರಿನ ಎಲ್ಲರ ಕೆಲಸವಾಗಿತ್ತು.

ಹಾಲಕ್ಕಿ ಒಕ್ಕಲಿಗರು ಮೊದಲಾದ ಸಮುದಾಯಗಳ ಹೆಚ್ಚಿನ ಸಾಗುವಳಿದಾರರು ಸ್ವಂತ ಭೂಮಿಯಿಲ್ಲದ ಗೇಣಿದಾರರು. ಗೇಣಿಯಲ್ಲಿ ಎರಡು ಮುಖ್ಯ ಬಗೆಗಳಿದ್ದವು. ಮೂಲಗೇಣಿಯವರಿಗೆ ಭೂಮಿಯ ಮೇಲೆ ವಂಶಪಾರಂಪರ್ಯ ಹಕ್ಕಿದ್ದು, ಕೊಡಬೇಕಾದ ಗೇಣಿಯೂ ಗೊತ್ತುಪಡಿಸಿದ್ದಾಗಿತ್ತು. ಚಾಲಗೇಣಿಯವರನ್ನು ಭೂಮಾಲೀಕರು ಯಾವಾಗ ಬೇಕಾದರೂ ಬಿಡಿಸಬಹುದಿತ್ತು, ಗೇಣಿಯನ್ನು ಏರಿಸಲೂಬಹುದಿತ್ತು. ಗೇಣಿಯನ್ನು ಸಾಮಾನ್ಯವಾಗಿ ಭತ್ತದ ರೂಪದಲ್ಲೇ ಸಲ್ಲಿಸಬೇಕಾಗಿತ್ತು. ಬೆಳೆ ಕೈಕೊಟ್ಟ ವರ್ಷ ಬಾಕಿ ಉಳಿಯುತ್ತಿತ್ತು. ಬಾಕಿಯ ಜತೆಗೆ ಧಣಿಗಳ ಮನೆಯ ಬಿಟ್ಟಿ ಚಾಕರಿಯೂ ಸೇರುತ್ತಿತ್ತು. ಭತ್ತ ಬೆಳೆದ ಮನೆಯವರೇ ಮಳೆಗಾಲದ ತಿಂಗಳುಗಳಲ್ಲಿ ಅಕ್ಕಿಯನ್ನು ಸಾಲವಾಗಿ ತರಬೇಕಾದ ಸ್ಥಿತಿ ಸಾಮಾನ್ಯವಾಗಿತ್ತು.

ಇಂಥ ಮನೆಗಳ ಮಕ್ಕಳಿಗೆ ಬೇಸಾಯವನ್ನು ಯಾರೂ ಪ್ರತ್ಯೇಕವಾಗಿ ಕಲಿಸಬೇಕಾಗಿರಲಿಲ್ಲ. ದನ ಕಾಯುವುದು, ಸಸಿ ಕಿತ್ತು ಹೊರುವುದು, ಸೊಪ್ಪು ತರುವುದು, ಪೈರನ್ನು ಹಂದಿ ಹಕ್ಕಿಗಳಿಂದ ಕಾಯುವುದು ಅವರ ದಿನಚರಿಯಾಗಿತ್ತು. ಶಾಲೆಗಳು ತೆರೆಯುವ ಜೂನ್ ತಿಂಗಳೇ ಉಳುಮೆ ಮತ್ತು ನಾಟಿಯ ಕಾಲವೂ ಆಗಿದ್ದುದರಿಂದ ಗದ್ದೆಯ ಕೆಲಸಕ್ಕೂ ಶಾಲೆಗೂ ನಡುವೆ ಮಕ್ಕಳು ಒಂದನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಗೇಣಿಯ ಲೆಕ್ಕವನ್ನು ಓದಿ ಪರಿಶೀಲಿಸುವವರು ಮನೆಯಲ್ಲಿ ಇಲ್ಲದಿದ್ದುದು ಅವರ ಬಡತನವನ್ನು ಇನ್ನಷ್ಟು ಗಟ್ಟಿಗೊಳಿಸಿತ್ತು.

ಭಾರತ ಸೇವಕ ಸಮಾಜ ಮತ್ತು ಪ್ರಾಥಮಿಕ ಶಿಕ್ಷಣದ ಅಧ್ಯಯನ

ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ದೇಸಾಯಿಯವರು 1930ರ ದಶಕದಲ್ಲಿ ಸೇರಿದರು. ಅಲ್ಪ ವೇತನ ಪಡೆದು ಜೀವನವಿಡೀ ಸಾರ್ವಜನಿಕ ಕೆಲಸ ಮಾಡುವವರ ಸಂಸ್ಥೆ ಅದು. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರೂ ಅದರ ಸದಸ್ಯರಾಗಿದ್ದವರು. ದೇಸಾಯಿಯವರು ಮುಂಬಯಿ ಬಂದರಿನ ಹಡಗು ಕಾರ್ಮಿಕರ ನಡುವೆ ಕೆಲಸ ಮಾಡಿದರು. ಈ ಅನುಭವದಿಂದ ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಹೊರಬಂದಿತು.

ಇದಕ್ಕೂ ಮೊದಲು, 1938ರಲ್ಲಿ, ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥವನ್ನು ಸಮಾಜ ಪ್ರಕಟಿಸಿತ್ತು. ಈ ವಿಷಯಕ್ಕೆ ಸಂಸ್ಥೆಯಲ್ಲಿ ಹಳೆಯ ಬೇರುಗಳಿದ್ದವು. ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಮಸೂದೆಯನ್ನು ಗೋಖಲೆಯವರು 1911ರಲ್ಲಿ ಕೇಂದ್ರ ಶಾಸನ ಪರಿಷತ್ತಿನಲ್ಲಿ ಮಂಡಿಸಿದ್ದರು. ಮರುವರ್ಷ ಅದು ತಿರಸ್ಕೃತವಾಯಿತು. ಎಲ್ಲ ಮಕ್ಕಳೂ ಶಾಲೆಗೆ ಹೋದರೆ ಹೊಲಗದ್ದೆಗಳ ಕೆಲಸ ಏನಾದೀತು ಎಂಬ ಆತಂಕವನ್ನು ದೊಡ್ಡ ಜಮೀನುದಾರರು ಆಗ ವ್ಯಕ್ತಪಡಿಸಿದ್ದರು. ಬೇಸಾಯ ನಡೆಯಬೇಕಾದರೆ ಬೇಸಾಯಗಾರರ ಮಕ್ಕಳು ನಿರಕ್ಷರಿಗಳಾಗಿ ಉಳಿಯಬೇಕು ಎಂಬುದು ಈ ವಾದದ ಒಳಾರ್ಥವಾಗಿತ್ತು.

ದೇಸಾಯಿಯವರ ಗ್ರಂಥ ಪ್ರಕಟವಾದ ಕಾಲಕ್ಕೆ ಶಾಲೆ ಮತ್ತು ಬೇಸಾಯದ ಸಂಬಂಧ ದೇಶದ ಮುಖ್ಯ ಚರ್ಚೆಯಾಗಿತ್ತು. 1937ರ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಮಹಾತ್ಮ ಗಾಂಧಿಯವರು ಕೈಕೆಲಸವನ್ನೇ ಕಲಿಕೆಯ ಕೇಂದ್ರವಾಗಿಸುವ ಯೋಜನೆಯನ್ನು ಮುಂದಿಟ್ಟರು. ಅದರ ವಿವರಗಳನ್ನು ಸಿದ್ಧಪಡಿಸಿದ ಜಾಕೀರ್ ಹುಸೇನ್ ಸಮಿತಿ ನೂಲುವುದು, ನೇಯುವುದು, ಬಡಗಿ ಕೆಲಸಗಳ ಜತೆಗೆ ಬೇಸಾಯವನ್ನೂ, ಹಣ್ಣು ತರಕಾರಿ ಬೆಳೆಯುವುದನ್ನೂ ಮೂಲ ಕಸುಬುಗಳೆಂದು ಸೂಚಿಸಿತು. ಮಣ್ಣು, ಮಳೆ, ಗೊಬ್ಬರ, ಅಳತೆ, ಬೆಲೆ ಇವುಗಳ ಮೂಲಕ ವಿಜ್ಞಾನ ಮತ್ತು ಗಣಿತವನ್ನು ಕಲಿಸಬಹುದು ಎಂಬುದು ಈ ಯೋಜನೆಯ ತಿರುಳು. ಕಡ್ಡಾಯ ಶಿಕ್ಷಣದ ಬೇಡಿಕೆ ಮತ್ತು ಕಸುಬಿನ ಶಿಕ್ಷಣದ ಯೋಜನೆ ಒಟ್ಟಿಗೆ ಚರ್ಚೆಗೆ ಬಂದ ಕಾಲದಲ್ಲಿ ದೇಸಾಯಿಯವರು ಶಿಕ್ಷಣ ಕ್ಷೇತ್ರವನ್ನು ಅಧ್ಯಯನ ಮಾಡಿದವರು.

ರೈತ ಚಳವಳಿ ಮತ್ತು ಗಡೀಪಾರು

1930ರ ದಶಕದ ಕೊನೆಯ ವರ್ಷಗಳಲ್ಲಿ ದೇಸಾಯಿಯವರು ತಮ್ಮ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದರು. ಅಂಕೋಲಾ ಮತ್ತು ಸುತ್ತಲಿನ ತಾಲೂಕುಗಳ ಹಳ್ಳಿಗಳಲ್ಲಿ ರೈತಕೂಟಗಳು ಹುಟ್ಟಿಕೊಂಡವು. ಶೇಷಗಿರಿ ಪಿಕಳೆ ಮೊದಲಾದವರು ಈ ಹೋರಾಟದಲ್ಲಿ ಅವರ ಒಡನಾಡಿಗಳು. ಗೇಣಿಯ ಇಳಿಕೆ, ಬಿಟ್ಟಿ ಚಾಕರಿಯ ಅಂತ್ಯ, ಸಾಗುವಳಿ ಮಾಡುವ ಭೂಮಿಯಿಂದ ಮನಬಂದಂತೆ ಬಿಡಿಸದಂತೆ ರಕ್ಷಣೆ, ಕೊನೆಗೆ ಉಳುವವನಿಗೇ ಭೂಮಿಯ ಒಡೆತನ ಇವು ಚಳವಳಿಯ ಬೇಡಿಕೆಗಳು.

ದೇಸಾಯಿಯವರ ಪ್ರಭಾವ ಬೆಳೆದಂತೆ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಐದು ವರ್ಷಗಳ ಕಾಲ ಅವರು ಹುಟ್ಟಿದ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಈ ಅವಧಿಯಲ್ಲಿ ಮುಂಬಯಿ ಅವರ ಕಾರ್ಯಕ್ಷೇತ್ರವಾಗಿತ್ತು. ಮುಂದೆ 1948ರ ಮುಂಬಯಿ ಗೇಣಿ ಮತ್ತು ಕೃಷಿ ಭೂಮಿಗಳ ಕಾಯಿದೆ ಗೇಣಿದಾರರಿಗೆ ಹೆಚ್ಚಿನ ರಕ್ಷಣೆ ನೀಡಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉಳುವವನಿಗೆ ಭೂಮಿ ಎಂಬ ಬೇಡಿಕೆ ಕಾನೂನಿನ ಸ್ಪಷ್ಟ ರೂಪ ಪಡೆದದ್ದು 1974ರಲ್ಲಿ ಜಾರಿಗೆ ಬಂದ ಕರ್ನಾಟಕ ಭೂಸುಧಾರಣೆ ಕಾಯಿದೆಯ ತಿದ್ದುಪಡಿಯಿಂದ. ಆ ಹೊತ್ತಿಗೆ ಜಿಲ್ಲೆಯ ರೈತಕೂಟಗಳು ಆರಂಭವಾಗಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಕೆನರಾ ವೆಲ್ಫೇರ್ ಟ್ರಸ್ಟ್

ಸ್ವಾತಂತ್ರ್ಯಾನಂತರ ದೇಸಾಯಿಯವರ ಗಮನ ಶಿಕ್ಷಣದತ್ತ ಹೆಚ್ಚು ಹರಿಯಿತು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಆಗ ಜಿಲ್ಲೆಯಲ್ಲಿ ಪ್ರೌಢಶಾಲೆಗಳು ಮುಖ್ಯವಾಗಿ ಪಟ್ಟಣಗಳಲ್ಲಿದ್ದವು. ಪ್ರಾಥಮಿಕ ಶಾಲೆ ಮುಗಿಸಿದ ಹಳ್ಳಿಯ ಮಗುವಿಗೆ ಮುಂದಿನ ಓದೆಂದರೆ ನದಿಗಳನ್ನು ದಾಟಿ ದೂರದ ಊರಿಗೆ ಹೋಗಿ ಉಳಿಯುವುದೇ ಆಗಿತ್ತು. ಗೇಣಿದಾರರ ಮನೆಗಳಿಗೆ ಅದು ನಿಲುಕುವಂಥದಾಗಿರಲಿಲ್ಲ. ಶಾಲೆಯನ್ನೇ ಮಕ್ಕಳ ಸಮೀಪಕ್ಕೆ ತರುವುದು ಟ್ರಸ್ಟಿನ ಕೆಲಸದ ಮೂಲ ಉದ್ದೇಶವಾಯಿತು.

ಜನತಾ ವಿದ್ಯಾಲಯ ಎಂಬ ಹೆಸರಿನ ಪ್ರೌಢಶಾಲೆಗಳು ಜಿಲ್ಲೆಯ ಹಲವು ಊರುಗಳಲ್ಲಿ ಆರಂಭವಾದವು. ಅಂಕೋಲೆಯಲ್ಲಿ ಪೀಪಲ್ಸ್ ಮಲ್ಟಿಪರ್ಪಸ್ ಹೈಸ್ಕೂಲು ಜಿಲ್ಲೆಯ ಹೆಸರಾಂತ ಶಾಲೆಗಳಲ್ಲಿ ಒಂದಾಗಿ ಬೆಳೆಯಿತು. ಬಹೂದ್ದೇಶ ಪ್ರೌಢಶಾಲೆ ಎಂಬ ಕಲ್ಪನೆ ಆ ಕಾಲದ ಶಿಕ್ಷಣ ನೀತಿಗೆ ಸಂಬಂಧಿಸಿದ್ದು. 1952–53ರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳಲ್ಲಿ ಸಾಹಿತ್ಯ ಮತ್ತು ವಿಜ್ಞಾನಗಳ ಜತೆಗೆ ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ ಹಾಗೂ ಗೃಹವಿಜ್ಞಾನ ವಿಭಾಗಗಳೂ ಇರಬೇಕೆಂದು ಶಿಫಾರಸು ಮಾಡಿತ್ತು. ಗ್ರಾಮೀಣ ಶಾಲೆಗಳಲ್ಲಿ ಕೃಷಿ ಶಿಕ್ಷಣಕ್ಕೆ ವಿಶೇಷ ಸೌಲಭ್ಯ ಕಲ್ಪಿಸಿ, ತೋಟಗಾರಿಕೆ ಮತ್ತು ಪಶುಪಾಲನೆಯನ್ನು ಅದರೊಡನೆ ಜೋಡಿಸಬೇಕೆಂಬುದೂ ಅದರ ಸಲಹೆಯಾಗಿತ್ತು. ಬೇಸಾಯ ಮನೆಯಲ್ಲಿ ಮಾಡುವ ದುಡಿಮೆ ಮಾತ್ರವಾಗಿರದೆ ಶಾಲೆಯಲ್ಲಿ ಓದುವ ವಿಷಯವೂ ಆಗಬಹುದು ಎಂಬ ಒಪ್ಪಿಗೆ ಹೀಗೆ ಪ್ರೌಢಶಿಕ್ಷಣದ ಮಟ್ಟದಲ್ಲಿ ದೊರೆಯಿತು.

1966ರಲ್ಲಿ, ಗೋಖಲೆಯವರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, ಟ್ರಸ್ಟು ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜನ್ನು ಆರಂಭಿಸಿತು. ಕಡ್ಡಾಯ ಶಿಕ್ಷಣದ ಮಸೂದೆಯನ್ನು ಮಂಡಿಸಿ ಸೋತ ನಾಯಕನ ಹೆಸರಿನ ಕಾಲೇಜು, ರೈತರ ಮಕ್ಕಳು ಹೆಚ್ಚಾಗಿರುವ ತಾಲೂಕಿನಲ್ಲಿ ಹೀಗೆ ನೆಲೆಗೊಂಡಿತು.

ದಾಂಡೇಲಿ ಮತ್ತು ಘಟ್ಟದ ಮೇಲಿನ ತಾಲೂಕುಗಳು

ಟ್ರಸ್ಟಿನ ಕೆಲಸ ಕರಾವಳಿಗೆ ಸೀಮಿತವಾಗಿರಲಿಲ್ಲ. ಘಟ್ಟದ ಮೇಲಿನ ದಾಂಡೇಲಿಯಲ್ಲೂ ಜನತಾ ವಿದ್ಯಾಲಯ ಸ್ಥಾಪನೆಯಾಯಿತು. ಕಾಳಿ ನದಿಯ ದಡದ ದಾಂಡೇಲಿ ಅದುವರೆಗೆ ಮುಖ್ಯವಾಗಿ ಕಾಡಿನ ನಾಟಾ ವ್ಯಾಪಾರಕ್ಕೆ ಹೆಸರಾಗಿತ್ತು. 1955ರಲ್ಲಿ ಬಾಂಗೂರ್ ಉದ್ಯಮ ಸಮೂಹದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ ಬಳಿಕ ಅದು ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು. ಕಾರ್ಖಾನೆಯ ವಸತಿ ಪ್ರದೇಶಕ್ಕೆ ಬಂಗೂರನಗರ ಎಂಬ ಹೆಸರು ಬಂದುದು ಈ ಮನೆತನದಿಂದ.

ದಾಂಡೇಲಿಯ ಸುತ್ತಲಿನ ಪ್ರದೇಶ ಬೇಸಾಯದ ವೈವಿಧ್ಯಕ್ಕೆ ಒಳ್ಳೆಯ ಉದಾಹರಣೆ. ಪೂರ್ವಕ್ಕೆ ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳ ಅರೆಮಲೆನಾಡು ಬಯಲಿನಲ್ಲಿ ಭತ್ತ, ಹತ್ತಿ, ಗೋವಿನಜೋಳ, ಕಬ್ಬು ಬೆಳೆಯುತ್ತವೆ. ಪಶ್ಚಿಮಕ್ಕೆ ಜೋಯಿಡಾ ತಾಲೂಕಿನ ದಟ್ಟ ಕಾಡಿನ ನಡುವೆ ಕುಣಬಿ ಸಮುದಾಯದವರು ಭತ್ತದ ಜತೆಗೆ ಹತ್ತಾರು ಬಗೆಯ ಗೆಡ್ಡೆಗೆಣಸುಗಳನ್ನು ಬೆಳೆದುಕೊಂಡು ಬಂದಿದ್ದಾರೆ. ಅವರ ಹಿರಿಯರಲ್ಲಿದ್ದ ಕುಮರಿ ಬೇಸಾಯವನ್ನು ಬ್ರಿಟಿಷರ ಕಾಲದ ಅರಣ್ಯ ನಿಯಮಗಳು ನಿರ್ಬಂಧಿಸಿದ್ದವು. ಕಾರ್ಖಾನೆಯ ಪಟ್ಟಣದಲ್ಲಿ ಬೇರೆ ಬೇರೆ ಊರುಗಳಿಂದ ಬಂದ ಕಾರ್ಮಿಕರ ಮಕ್ಕಳಿಗೆ ಅಕ್ಕಿ ಅಂಗಡಿಯಿಂದ ಬರುವ ವಸ್ತು; ಕೆಲವೇ ಮೈಲಿ ದೂರದ ಹಳ್ಳಿಯ ಮಕ್ಕಳಿಗೆ ಅದು ಮನೆಯವರು ನಾಟಿ ಮಾಡಿ ಕೊಯ್ದು ತರುವ ಬೆಳೆ. ಸಂಬಳದಿಂದ ಕೊಂಡ ಅನ್ನವೂ ಗೇಣಿ ಕೊಟ್ಟು ಉಳಿಸಿಕೊಂಡ ಅನ್ನವೂ ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲಿದ್ದವು. ಮುಂಬಯಿಯ ಕಾರ್ಮಿಕರ ನಡುವೆಯೂ ಅಂಕೋಲೆಯ ರೈತರ ನಡುವೆಯೂ ದುಡಿದಿದ್ದ ದೇಸಾಯಿಯವರಿಗೆ ಈ ಎರಡೂ ಬಗೆಯ ಬದುಕು ಪರಿಚಿತವಾಗಿದ್ದವು.

ಸಾಹಿತ್ಯ

ಮಕ್ಕಳ ಗೀತೆಗಳು

ಶಾಲೆ ಕಟ್ಟಿದ ದೇಸಾಯಿಯವರು ಶಾಲೆಯ ಮಕ್ಕಳು ಹಾಡುವ ಪದ್ಯಗಳನ್ನೂ ಬರೆದರು. ಸರಳ ಪದ, ಕುಣಿಯುವ ಲಯ ಮತ್ತು ಸ್ಪಷ್ಟವಾದ ಪ್ರಾಸ ಅವರ ಮಕ್ಕಳ ಗೀತೆಗಳ ಲಕ್ಷಣ. ಗಡಿಯಾರವನ್ನು ಕುರಿತ ಅವರ ಪದ್ಯವನ್ನು ಹಲವು ತಲೆಮಾರಿನ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಮಗುವಿನ ಕಣ್ಣೆದುರಿನ ವಸ್ತುವನ್ನೇ ಆರಿಸಿಕೊಂಡು ಅದರ ಮೂಲಕ ಕುತೂಹಲ ಕೆರಳಿಸುವುದು ಈ ರಚನೆಯ ಕ್ರಮ.

ಚುಟುಕುಗಳು

ದೇಸಾಯಿಯವರು ಜನಸೇವಕ ಎಂಬ ವಾರಪತ್ರಿಕೆಯನ್ನು ನಡೆಸುತ್ತಿದ್ದರು. ರೈತರ, ಕಾರ್ಮಿಕರ ಸಮಸ್ಯೆಗಳನ್ನು ಚರ್ಚಿಸುತ್ತಿದ್ದ ಈ ಪತ್ರಿಕೆಯಲ್ಲಿ ಅವರ ಚುಟುಕುಗಳು ಪ್ರಕಟವಾಗುತ್ತಿದ್ದವು. ಇವು ಚೌಪದಿ ಎಂದೂ ಹೆಸರಾದವು. ಮೊದಲ ಸಾಲುಗಳಲ್ಲಿ ಒಂದು ಸಂಗತಿಯನ್ನು ನಿರೂಪಿಸಿ ಕೊನೆಯ ಸಾಲಿನಲ್ಲಿ ವ್ಯಂಗ್ಯದ ತಿರುವು ಕೊಡುವುದು ಅವುಗಳ ರೀತಿ. ಅಧಿಕಾರದ ದುರಾಸೆ, ಢೋಂಗಿ ಭಕ್ತಿ, ಬಡವರ ಹಸಿವು ಮತ್ತು ಚುನಾವಣೆಯ ಭರವಸೆಗಳು ಅವರ ನೆಚ್ಚಿನ ವಸ್ತುಗಳು. ಅಕ್ಷರ ಕಲಿತು ಹೆಚ್ಚು ಕಾಲವಾಗದ ಓದುಗನಿಗೂ ನಾಲ್ಕು ಸಾಲು ಭಾರವಾಗುತ್ತಿರಲಿಲ್ಲ. ದಿನಕರನ ಚೌಪದಿ ಸಂಕಲನಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ನನ್ನ ದೇಹದ ಬೂದಿ

ದೇಸಾಯಿಯವರ ಕವಿತೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ನನ್ನ ದೇಹದ ಬೂದಿ. ಮರಣಾನಂತರ ತನ್ನ ಚಿತಾಭಸ್ಮ ಏನಾಗಬೇಕೆಂಬ ಬಯಕೆಯನ್ನು ಕವಿ ಇದರಲ್ಲಿ ಹೇಳಿಕೊಂಡಿದ್ದಾರೆ. ಪುಣ್ಯಕ್ಷೇತ್ರದ ವಿಸರ್ಜನೆಯನ್ನು ಅವರು ಕೇಳುವುದಿಲ್ಲ. ಭತ್ತದ ಗದ್ದೆಗೆ ಬಿದ್ದ ಬೂದಿ ಪೈರಿಗೆ ಗೊಬ್ಬರವಾಗಲಿ, ನೀರಿಗೆ ಸೇರಿದ್ದು ಬೆಸ್ತರು ಬಲೆ ಬೀಸುವಲ್ಲಿನ ಮೀನಿಗೆ ಆಹಾರವಾಗಲಿ, ಕೊಳದ ಕೆಸರಿಗೆ ಬೆರೆತದ್ದು ತಾವರೆಯನ್ನು ಅರಳಿಸಲಿ ಎಂಬುದು ಕವಿತೆಯ ಆಶಯ.

ಕವಿತೆಯ ಹಿಂದೆ ಕರಾವಳಿಯ ಬದುಕಿನ ನೇರ ಪರಿಚಯವಿದೆ. ಅನ್ನ ಮತ್ತು ಮೀನು ಅಲ್ಲಿನ ಜನರ ದಿನನಿತ್ಯದ ಊಟ. ಮನೆಯ ಒಲೆಯ ಬೂದಿಯನ್ನು ಗೊಬ್ಬರವಾಗಿ ಬಳಸುವುದು ಅಲ್ಲಿನ ರೈತರಿಗೆ ಹೊಸದಲ್ಲ. ಸಸ್ಯಗಳ ಬೆಳವಣಿಗೆಗೆ ಬೇಕಾದ ಪೊಟ್ಯಾಷಿಯಂ ಬೂದಿಯಲ್ಲಿದೆ. ಮಣ್ಣಿನಿಂದ ತೆನೆ, ತೆನೆಯಿಂದ ಊಟ, ಊಟದಿಂದ ದೇಹ, ದೇಹದಿಂದ ಮತ್ತೆ ಮಣ್ಣು ಎಂಬ ಚಕ್ರವನ್ನು ಶಾಲೆಯ ಹುಡುಗನಿಗೂ ಅರ್ಥವಾಗುವ ಮಾತಿನಲ್ಲಿ ಕವಿತೆ ಮುಂದಿಡುತ್ತದೆ. ಅನ್ನ ತಿಂದವನು ಅನ್ನ ಕೊಟ್ಟ ನೆಲಕ್ಕೂ ನೀರಿಗೂ ಸಾಲಗಾರ ಎಂಬ ಭಾವ ಇದರಲ್ಲಿದೆ. ದೇಸಾಯಿಯವರ ರೈತ ಹೋರಾಟದ ಹಿನ್ನೆಲೆಯಲ್ಲಿ ಓದಿದಾಗ, ಬೆಳೆದವನಿಂದ ಪಡೆಯುವುದಷ್ಟನ್ನೇ ಬಲ್ಲ ವ್ಯವಸ್ಥೆಗೆ ಇದು ಎದುರುಮಾತಾಗಿಯೂ ಕೇಳಿಸುತ್ತದೆ.

ಸಂಸತ್ ಸದಸ್ಯರಾಗಿ

1967ರ ಸಾರ್ವತ್ರಿಕ ಚುನಾವಣೆಯಲ್ಲಿ ದೇಸಾಯಿಯವರು ಕೆನರಾ ಲೋಕಸಭಾ ಕ್ಷೇತ್ರದಿಂದ ಪಕ್ಷೇತರ ಅಭ್ಯರ್ಥಿಯಾಗಿ ಸ್ಪರ್ಧಿಸಿ ಗೆದ್ದರು. ಹಿಂದಿನ ಮೂರು ಚುನಾವಣೆಗಳಲ್ಲಿ ಆ ಕ್ಷೇತ್ರ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಆರಿಸಿ ಕಳುಹಿಸಿತ್ತು. ಪಕ್ಷದ ಬೆಂಬಲವಿಲ್ಲದೆ ದೊರೆತ ಈ ಗೆಲುವಿನ ಹಿಂದೆ ರೈತಕೂಟಗಳ ಕಾಲದಿಂದ ಬೆಳೆದ ಸಂಪರ್ಕವೂ ಶಾಲೆಗಳ ಮೂಲಕ ಗಳಿಸಿದ ವಿಶ್ವಾಸವೂ ಇದ್ದವು. ನಾಲ್ಕನೆಯ ಲೋಕಸಭೆಯ ಅವಧಿ ಮುಗಿದ ಬಳಿಕ ಅವರು ಸಾಹಿತ್ಯ ಮತ್ತು ಶಿಕ್ಷಣ ಸಂಸ್ಥೆಗಳ ಕೆಲಸದಲ್ಲಿ ಮುಂದುವರಿದರು.

ನಿಧನ ಮತ್ತು ಪರಂಪರೆ

ದಿನಕರ ದೇಸಾಯಿಯವರು 1982ರ ನವೆಂಬರ್ 6ರಂದು ನಿಧನರಾದರು. ಅವರು ಸ್ಥಾಪಿಸಿದ ಟ್ರಸ್ಟಿನ ಶಾಲೆ, ಕಾಲೇಜುಗಳು ಉತ್ತರ ಕನ್ನಡದಲ್ಲಿ ಮುಂದುವರಿದಿವೆ. ಚುಟುಕು ಇಂದು ಕನ್ನಡದಲ್ಲಿ ಸ್ವತಂತ್ರ ಪ್ರಕಾರವಾಗಿ ನೆಲೆಗೊಂಡಿದ್ದು, ಅದನ್ನು ಬರೆಯುವವರು ದೇಸಾಯಿಯವರನ್ನು ಮಾರ್ಗಪ್ರವರ್ತಕರೆಂದು ಗೌರವಿಸುತ್ತಾರೆ. 2009ರಲ್ಲಿ ಅವರ ಜನ್ಮಶತಮಾನೋತ್ಸವದ ವರ್ಷ ಬಂದಿತು.

ರೈತ ಚಳವಳಿ ಮತ್ತು ಭೂಸುಧಾರಣೆಯ ಬಳಿಕ ಜಿಲ್ಲೆಯ ಅನೇಕ ಗೇಣಿದಾರ ಕುಟುಂಬಗಳು ಭೂಮಿಯ ಒಡೆತನ ಪಡೆದವು. ಅವರ ಮಕ್ಕಳು, ಮೊಮ್ಮಕ್ಕಳು ಓದಿ ಶಿಕ್ಷಕರಾಗಿ, ನೌಕರರಾಗಿ ಬೇರೆ ಊರುಗಳನ್ನು ಸೇರಿದ್ದಾರೆ. ಹಿಂದೆ ಗದ್ದೆಯ ಕೆಲಸ ಮಕ್ಕಳನ್ನು ಶಾಲೆಯಿಂದ ದೂರವಿರಿಸಿತ್ತು. ಈಗ ಶಾಲೆಗೆ ಹೋಗುವ ಅನೇಕ ಮಕ್ಕಳಿಗೆ ಗದ್ದೆಯೇ ದೂರವಾಗಿದೆ. ಕೆಲಸಗಾರರ ಕೊರತೆ ಮತ್ತು ಒಡ್ಡುಗಳ ದುಸ್ಥಿತಿಯಿಂದ ಗಜನಿ ಭತ್ತದ ಬೇಸಾಯ ಕುಗ್ಗಿದೆ. ದೇಸಾಯಿಯವರ ಕಾಲದಲ್ಲಿ ರೈತರ ಮಕ್ಕಳಿಗೆ ಅಕ್ಷರ ಕಲಿಸುವುದು ಕಷ್ಟದ ಕೆಲಸವಾಗಿತ್ತು. ಅಕ್ಷರ ಕಲಿತ ಮಕ್ಕಳಿಗೆ ಅನ್ನದ ಮೂಲವನ್ನು ಪರಿಚಯಿಸುವುದು ಇಂದಿನ ಶಾಲೆಗಳ ಮುಂದಿರುವ ಕೆಲಸ.

ಪ್ರಮುಖ ಕೃತಿಗಳು

ಕವನ ಸಂಗ್ರಹ – ಕವಿತೆಗಳು
ದಾಸಾಳ – ಕವಿತೆಗಳು
ಹೂಗೊಂಚಲು – ಕವಿತೆಗಳು
ಮಕ್ಕಳ ಗೀತೆಗಳು – ಶಿಶುಸಾಹಿತ್ಯ
ದಿನಕರನ ಚೌಪದಿ – ಚುಟುಕುಗಳು
ನಾ ಕಂಡ ಪಡುವಣ – ಪ್ರವಾಸ ಕಥನ
ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತ ಇಂಗ್ಲಿಷ್ ಗ್ರಂಥ (1938)
ಭಾರತದ ನಾವಿಕ ಕಾರ್ಮಿಕರನ್ನು ಕುರಿತ ಇಂಗ್ಲಿಷ್ ಗ್ರಂಥ (1940)